ಬಂದು ಹೋಗುವ ಅಳಿಯ

ಗೋದಾಕಾಕು ಅಳಿಯನ ಜೊತೆ ಮಾತಾಡಬೇಕಾದಾಗಲೆಲ್ಲ ಗೋಡೆಗೆ ಮುಖ ಮಾಡುತ್ತಿದ್ದರು. ಅಳಿಯ ಪಡಸಾಲೆಯಲ್ಲಿ ಕೂತಿದ್ದರೆ ಕಾಕು ಅಡುಗೆಮನೆಯ ಬಾಗಿಲ ಮರೆಗೆ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎದುರಿಗಿದ್ದ ಸುಣ್ಣದ ಗೋಡೆಗೆ ಹೇಳುವರು: "ಅಳಿಯಂದ್ರಿಗೆ ಹಸಿವಿ ಆಗಿರಬೇಕು ಅಂತ ಕಾಣಸ್ತದ. ರೊಟ್ಟಿ ಆಗ್ಯಾವ." ಅಳಿಯನೂ ಅಷ್ಟೇ ಗಂಭೀರವಾಗಿ ತನ್ನ ಎದುರಿನ ಗೋಡೆಗೆ "ಬರ್ತೀನ್ರಿ" ಎನ್ನುವನು. ನಡುವೆ ಕೂತ ನನಗೆ ನಗು ತಡೆಯುವುದೇ ಒಂದು ಕೆಲಸ. ಕಾಕು ಮೊಣಕಾಲಿನ ಆಪರೇಷನ್ ಆಗಿ ವಾಕರ್ ಹಿಡಿದುಕೊಂಡು ನಡೆಯುತ್ತಿದ್ದ ದಿನಗಳಲ್ಲೂ ಅಳಿಯನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಕೂತಲ್ಲಿಂದ ಏಳುವರು. "ಡಾಕ್ಟರು ಘಳಿಗಿಗೊಮ್ಮೆ ಏಳಬ್ಯಾಡ್ರಿ ಅಂದಾರಲ್ರೀ ಕಾಕು" ಎಂದರೆ, "ಡಾಕ್ಟರಿಗೆ ಅಳಿಯಂದ್ರು ಇಲ್ಲೇನೋ ಪಾಪ" ಎಂದು ನನ್ನ ಬಾಯಿ ಮುಚ್ಚಿಸುವರು.

ನಮ್ಮದು ವಿಜಾಪುರ ಜಿಲ್ಲೆಯ ಇಂಡಿ ಊರಿನ ಹಳೆಯ ಓಣಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಅದೂ ನಮ್ಮ ಅಜ್ಜನ ಕಾಲದ್ದು. ಕಾಕುವಿನ ಗಂಡ ಪೋಸ್ಟ್ ಮಾಸ್ತರರಾಗಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ವೈಷ್ಣವರ ಮನೆ, ದೇವರಿಗೆ ಕನ್ನಡ, ಸಿಟ್ಟಿಗೆ ಮರಾಠಿ. ನನ್ನ ಹೆಸರು ಶಮೀಮ್. ಬಸ್ ಸ್ಟ್ಯಾಂಡಿನ ಹತ್ತಿರ ವ್ಯಾಪಾರಿಗಳ, ಮಾಸ್ತರರ ತೆರಿಗೆ ರಿಟರ್ನು ತುಂಬಿಕೊಡುವ ಸಣ್ಣ ಆಫೀಸು ನನ್ನದು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಓಡಾಡಿದವಳಾದರೂ ನನಗೆ ಅಡುಗೆಮನೆಯ ಹೊಸ್ತಿಲಿನ ತನಕ ಮಾತ್ರ ಪ್ರವೇಶ. "ಹೊಸ್ತಿಲಾ ಒಂದ ಬಿಟ್ಟು ಉಳದದ್ದೆಲ್ಲಾ ನಿನ್ನ ರಾಜ್ಯ" ಎನ್ನುವರು. ನನಗೆ ಮೈ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ರಂಜಾನಿನ ಪ್ರತಿ ಸಂಜೆ ಗೋಡೆಯ ಮೇಲಿಂದ ಲಿಂಬೆ ಪಾನಕದ ತಂಬಿಗೆ ಇಳಿಯುತ್ತಿತ್ತು. ಸಿಟ್ಟು ಮಾಡಿಕೊಂಡವಳಿಗೆ ಬಾಯಾರಿಕೆ ಬಿಡಬೇಕಲ್ಲ!

ಅವರ ಒಬ್ಬಳೇ ಮಗಳು ವಸುಧಾ. ನೈರೋಬಿಯ ಒಂದು ಶಾಲೆಯಲ್ಲಿ ಕಲಿಸಲು ಹೋದವಳು ಅಲ್ಲಿಯ ಗಣಿತದ ಮಾಸ್ತರ ಡೇವಿಡ್‌ನನ್ನು ಅಲ್ಲಿಯೇ ರಿಜಿಸ್ಟರ್ ಮದುವೆಯಾದಳು. ಸುದ್ದಿ ಬಂದ ದಿನ ಕಾಕು ಒಲೆ ಹಚ್ಚಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಮಗಳ ಜೊತೆ ಮಾತು ಬಿಟ್ಟಿದ್ದರು. ಮೊಮ್ಮಗಳು ಅಮೃತಾ ಹುಟ್ಟಿದಾಗ ಫೋನಿನಲ್ಲಿ ಮಗುವಿನ ಅಳು ಕೇಳಿಸಿದ್ದು ನಾನೇ. ಕಾಕು ತುಂಬ ಹೊತ್ತು ಕೇಳಿ, "ಹಸದದ ಕೂಸು, ಹಾಲು ಕುಡಸಂತ ಹೇಳು" ಎಂದರು. ಅಲ್ಲಿಗೆ ಮುನಿಸು ಮುಗಿಯಿತು. ಕಾಕು ಹಿತ್ತಿಲಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡಾಗ ಮೂವರೂ ಗಂಟುಮೂಟೆ ಕಟ್ಟಿಕೊಂಡು ಇಂಡಿಗೆ ಬಂದರು. ಬಂದವರು ಇಲ್ಲೇ ಉಳಿಯುವುದೆಂದು ತೀರ್ಮಾನಿಸಿದರು. ವಸುಧಾಗೆ ಇಲ್ಲಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು.

ಆಗ ನೋಡಬೇಕಿತ್ತು ಸಂಬಂಧಿಕರ ದಂಡನ್ನು. ಮುದ್ದೇಬಿಹಾಳದಿಂದ ಕಾಕುವಿನ ಮೈದುನನ ಮಗ ರಾಘು ಬಂದ, ಸಿಂದಗಿಯಿಂದ ನಾದಿನಿ ಬಂದರು. ಕಾಲು ನೋಡಲು ಬಂದವರು ಅಳಿಯನನ್ನು ನೋಡಿ ಹೋದರು. "ಏನ ಕಾಕು, ಕುಲ ಇಲ್ಲ ಗೋತ್ರ ಇಲ್ಲ, ಆ ಬಣ್ಣಾ ಬ್ಯಾರೆ..." ಎಂದು ರಾಘು ರಾಗ ತೆಗೆದ. ಕಾಕು ಅವನ ಕೈಯಲ್ಲಿದ್ದ ಚಹಾದ ಬಟ್ಟಲನ್ನು ತೆಗೆದುಕೊಂಡು ಕೆಳಗಿಟ್ಟರು. "ಕುಲಾ ಗೋತ್ರಾ ಮದುವಿಕಿಂತಾ ಮೊದಲ ಕೇಳೂದಪಾ. ಮದುವಿ ಆದಮ್ಯಾಲೆ ಅಳಿಯಾ ಅಂದ್ರ ಅಳಿಯಾನ. ಸಾಕ್ಷಾತ್ ಲಕ್ಷ್ಮೀನಾರಾಯಣ. ನಮಸ್ಕಾರ ಮಾಡಿ ಚಹಾ ಕುಡಿ, ಇಲ್ಲಾಂದ್ರ ಹಂಗ ಬಸ್ ಹಿಡಿ." ರಾಘು ನಮಸ್ಕಾರ ಮಾಡಿಯೇ ಚಹಾ ಕುಡಿದ.

ಡೇವಿಡ್ ಎತ್ತರದ ಮನುಷ್ಯ, ಮಾತು ಕಡಿಮೆ. ಅತ್ತೆ ಗೋಡೆಗೆ ಮಾತಾಡುವುದನ್ನು ಕಂಡು ಅವನಿಗೆ ಬೇಸರವಾಗಿರಬಹುದೆಂದು ನಾನು ಸಮಾಧಾನ ಹೇಳಲು ಹೋದೆ. ಅವನು ನಕ್ಕ. ಅವರ ಕಡೆಯೂ ಹಾಗೆಯೇ ಅಂತೆ! ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಿಲ್ಲ, ಅತ್ತೆ ಬರುವ ದಾರಿಯಿಂದ ಸರಿದು ನಿಲ್ಲಬೇಕು, ಅತ್ತೆ ಮಲಗುವ ಸೂರಿನ ಕೆಳಗೆ ಅಳಿಯ ಮಲಗುವುದಂತೂ ಮಹಾ ಅಪಚಾರ. ಹಾಗಾಗಿ ಬಂದ ದಿನವೇ ಅವನು ಮಾಳಿಗೆಯ ಮೇಲಿನ ಕೋಲಿಯನ್ನು ತನ್ನ ಸಂಸಾರಕ್ಕೆ ಆರಿಸಿಕೊಂಡ. ಅದಕ್ಕೆ ಓಣಿಯ ಕಡೆಯಿಂದ ಬೇರೆ ಮೆಟ್ಟಿಲು, ಬೇರೆ ಬಾಗಿಲು. ಕಾಕುವಿಗೆ ಇದು ಎಷ್ಟು ಹಿಡಿಸಿತೆಂದರೆ, "ಸಮುದ್ರದಾಚೆ ಯಾರೋ ಒಬ್ಬಾಕಿ ಮಗಾಗ ನೆಟ್ಟಗ ಬುದ್ಧಿ ಕಲಿಸ್ಯಾಳ" ಎಂದು ಕಾಣದ ಬೀಗಿತ್ತಿಗೆ ಕೈಮುಗಿದರು.

ಇಬ್ಬರ ಮರ್ಯಾದೆಯೂ ಒಂದಕ್ಕೊಂದು ಡಿಕ್ಕಿ ಹೊಡೆದದ್ದು ಅಧಿಕ ಮಾಸದಲ್ಲಿ. ಆ ತಿಂಗಳು ಅಳಿಯನನ್ನು ಮಣೆಯ ಮೇಲೆ ಕೂರಿಸಿ, ತಟ್ಟೆಯ ತುಂಬ ಅಕ್ಕಿ ಬೆಲ್ಲದ ಅನಾರಸ ಇಟ್ಟು, ದೀಪ ಹಚ್ಚಿ ಕೊಡುವುದು ಅವರ ಪದ್ಧತಿ. ಮೂವತ್ತಮೂರು ಅನಾರಸ. ಕಾಕು ವಾಕರ್ ಬದಿಗಿಟ್ಟು, ಕುರ್ಚಿಯ ಮೇಲೆ ಕೂತು, ತುಪ್ಪದಲ್ಲಿ ಒಂದೊಂದನ್ನೇ ಕರಿದರು. ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನಲಿ ಎಂದು ಕೊಡುವುದದು. ಡೇವಿಡ್‌ಗೆ ಹೇಳಿದವರು ಯಾರು? ಅತ್ತೆ ಕೊಟ್ಟದ್ದನ್ನು ಉಳಿಸುವುದು ಅವಮಾನವೆಂದು ಅವನು ಕೂತಲ್ಲಿಯೇ ಎಲ್ಲವನ್ನೂ ತಿಂದ. ಬಾಗಿಲ ಮರೆಯಿಂದ ನೋಡಿದ ಕಾಕುವಿಗೆ ಸ್ವರ್ಗ ಮೂರೇ ಗೇಣು. "ಅಳಿಯಂದ್ರಿಗೆ ಬಾಳ ಸೇರ್ಯಾವ!" ಎಂದು ಮರುದಿನ ಇನ್ನೊಂದು ಘಾಣಿ ಹಾಕಿದರು. ಅವನು ಅದನ್ನೂ ತಿಂದ. ಮೂರನೆಯ ದಿನ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದವನನ್ನು ಕಂಡು ನಾನೇ ಒಳಗೆ ಹೋಗಿ, "ಕಾಕು, ಅಳಿಯನ್ನ ಕೊಲ್ತೀರೇನು? ಅಂವಾ ಮರ್ಯಾದಿಗೆ ತಿನ್ನಾಕತ್ತಾನ!" ಎಂದು ಕೂಗಾಡಿದೆ. ಕಾಕು ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯ, ನಾನೂ ಮರ್ಯಾದಿಗೇ ಮಾಡ್ಲಿಕ್ಕತ್ತಿದ್ದೆ. ತುಪ್ಪಾ ನಿನ್ನೇನ ತೀರೇದ" ಎಂದರು.

ಅವನ ವೀಸಾ ಹೆಂಡತಿಯ ಆಧಾರದ ಮೇಲಿನದು. ಇರಬಹುದು, ಕೆಲಸ ಮಾಡುವ ಹಾಗಿಲ್ಲ. ಕಾಯಂ ಇರಬೇಕಾದರೆ ಭಾರತೀಯರ ಗಂಡನಿಗೋ ಹೆಂಡತಿಗೋ ಕೊಡುವ ಓಸಿಐ ಕಾರ್ಡು ಬರಬೇಕು. ಅದಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ. ಗಣಿತದ ಮಾಸ್ತರ, ಕೈಕಟ್ಟಿ ಕೂರುವುದೆಂದರೆ ಶಿಕ್ಷೆ. ನೀರು ಸೇದುವುದು, ಅಂಗಳ ಗುಡಿಸುವುದು, ಲಿಂಬೆ ಹೆಚ್ಚಿ ಉಪ್ಪಿನಕಾಯಿಗೆ ಹಾಕುವುದು, ಏನಾದರೂ ಮಾಡಲು ಹೊರಟರೆ ಕಾಕು ಬಿಡುತ್ತಿರಲಿಲ್ಲ. "ಓಣ್ಯಾಗ ನಾಲ್ಕ ಮಂದಿ ನೋಡತಾರ. ಮನಿಅಳಿಯಾ ಅಂದುಬಿಡತಾರ." ಆ ಶಬ್ದ ಆಡುವಾಗ ಅವರ ದನಿ ಇಳಿಯುತ್ತಿತ್ತು. ಹಲಸಂಗಿಯ ಅವರ ತವರಿನಲ್ಲಿ ಸೋದರತ್ತೆಯೊಬ್ಬಳ ಗಂಡ ಮನೆಯಳಿಯನಾಗಿದ್ದನಂತೆ. ಹಬ್ಬಕ್ಕೆ ಎಲ್ಲರ ಊಟವಾದ ಮೇಲೆ ಅವನಿಗೆ ಎಲೆ. ದನ ಕಾಯಲು, ಸಂತೆಗೆ ಹೋಗಲು ಅವನೇ. ಮಕ್ಕಳು ಕೂಡ ಏಕವಚನದಲ್ಲಿ ಕೂಗುತ್ತಿದ್ದರಂತೆ. "ಬಂದು ಹೋಗೋ ಅಳಿಯಾ ದೇವರು, ಬಂದು ಕೂತ ಅಳಿಯಾ ಆಳು, ಅಂತಿದ್ಲು ನಮ್ಮವ್ವ. ನನ್ನ ಅಳಿಯಂದ್ರಿಗೆ ಆ ಗತಿ ಬರಬಾರದು." ಹೀಗೆ ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ಕೊನೆಗೆ ಡೇವಿಡ್, ಕಾಕು ಏಳುವ ಮೊದಲೇ ಎದ್ದು ನೀರು ತುಂಬಿಡತೊಡಗಿದ. ಕಾಕು ತುಂಬಿದ ಹಂಡೆ ನೋಡಿ, ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ, "ಈಗೀಗ ನೀರಿನವರು ಮನಿ ಒಳಗ ಬಂದು ತುಂಬಿಸಿ ಹೋಗತಾರ" ಎಂದು ಗೋಡೆಗೆ ಹೇಳುವರು.

ಅವನ ತೆರಿಗೆಯ ಕೆಲಸ ನನ್ನ ಪಾಲಿಗೆ ಬಂದಿತ್ತು. ನೈರೋಬಿಯಲ್ಲಿ ಅವನದೊಂದು ಮನೆಯ ಬಾಡಿಗೆ, ಇಲ್ಲಿ ಬ್ಯಾಂಕಿನ ಬಡ್ಡಿ, ಅಷ್ಟೇ. ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಈ ದೇಶದಲ್ಲಿದ್ದರೆ ತೆರಿಗೆಯ ಕಾನೂನಿಗೆ ಅವನು ಇಲ್ಲಿಯ ನಿವಾಸಿ. ವೀಸಾದ ಕಾನೂನಿಗೆ ಅದೇ ಮನುಷ್ಯ ಪರದೇಶಿ. ಸಾಲದ್ದಕ್ಕೆ ಹೊಸದಾಗಿ ಬಂದವರಿಗೆ ಇನ್ನೊಂದು ಜಾತಿ ಉಂಟು: ನಿವಾಸಿ ಹೌದು, ಸಾಮಾನ್ಯ ನಿವಾಸಿ ಅಲ್ಲ. ಆ ಜಾತಿಯವರಿಗೆ ಹೊರದೇಶದ ಬಾಡಿಗೆಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಇದನ್ನು ವಸುಧಾಗೆ ತಿಳಿಸಿ ಹೇಳುತ್ತಿದ್ದಾಗ ಕಾಕು ಅಡುಗೆಮನೆಯಿಂದ, "ನಮ್ಮ ಅಳಿಯಂದ್ರು ಸಾಮಾನ್ಯ ಅಲ್ಲ ಅಂತ ಸರಕಾರಕ್ಕೂ ತಿಳೀತು, ಹೌದಿಲ್ಲೋ" ಎಂದರು. ನನ್ನ ಇಷ್ಟು ವರ್ಷದ ವೃತ್ತಿಯಲ್ಲಿ ಆ ಕಲಮನ್ನು ಇಷ್ಟು ಸಂತೋಷದಿಂದ ಕೇಳಿದವರು ಬೇರೆ ಯಾರೂ ಇಲ್ಲ.

ಹೀಗಿರುವಾಗ ಒಂದು ದಿನ ವಿಜಾಪುರದಿಂದ, ಪರದೇಶಿಯರ ನೋಂದಣಿ ಕಚೇರಿಯ ಕಾಗದ ಬಂತು. ಅರ್ಜಿದಾರರು ಹೇಳಿದ ವಿಳಾಸದಲ್ಲಿ ವಾಸವಿಲ್ಲವೆಂದು ಸ್ಥಳೀಯ ವಿಚಾರಣೆಯಲ್ಲಿ ತಿಳಿದಿದೆ; ತೆರಿಗೆಯ ದಾಖಲೆಯಲ್ಲಿ ಮಾತ್ರ ಇಲ್ಲಿಯೇ ವಾಸವೆಂದು ತೋರಿಸಲಾಗಿದೆ; ಗಂಡಹೆಂಡತಿ ಒಟ್ಟಿಗೆ ಬಾಳುತ್ತಿರುವುದೇ ಅನುಮಾನ; ಬಂದು ವಿವರಣೆ ಕೊಡಬೇಕು, ಇಲ್ಲವಾದರೆ ಅರ್ಜಿ ವಜಾ. ವೀಸಾದ ಅವಧಿಯೂ ಮುಗಿಯುತ್ತ ಬಂದಿತ್ತು. ಅರ್ಜಿ ಬಿದ್ದರೆ ಡೇವಿಡ್ ದೇಶ ಬಿಡಬೇಕು. ಅವನ ಹಿಂದೆ ವಸುಧಾ ಮಗುವನ್ನು ಕಟ್ಟಿಕೊಂಡು ಹೋಗಬೇಕು, ಇಲ್ಲವೇ ತಾಯಿಗಾಗಿ ಇಲ್ಲುಳಿದು ಗಂಡನನ್ನು ಕಳಿಸಬೇಕು. ವಸುಧಾ ಕಾಗದ ಹಿಡಿದು ಅಳತೊಡಗಿದಳು. ನನಗೆ ಪಿತ್ತ ನೆತ್ತಿಗೇರಿತು. "ಯಾವ ಕಣ್ಣು ಕಾಣದಾಂವ ಬರದಾನ ಇದನ್ನ? ಯಾರ ಬಂದಿದ್ರು ಇಲ್ಲಿ? ಯಾರ ಕೇಳಿದ್ರು?"

"ನನ್ನ ಕೇಳಿದ್ರಲ್ಲಾ" ಎಂದರು ಕಾಕು.

ನಾವೆಲ್ಲ ಅವರ ಕಡೆ ತಿರುಗಿದೆವು. ಹಿಂದಿನ ತಿಂಗಳು ಒಬ್ಬ ಹವಾಲ್ದಾರ ಬಂದಿದ್ದನಂತೆ. ವಸುಧಾ ಮಗುವಿನ ಹಲ್ಲು ತೋರಿಸಲು ಸೊಲ್ಲಾಪುರಕ್ಕೆ ಹೋಗಿದ್ದಳು, ಡೇವಿಡ್ ಜೊತೆಗಿದ್ದ. ಕಾಕು ಒಬ್ಬರೇ. ಆಗ ನಡೆದದ್ದನ್ನು ಅವರು ನಮಗೆ ನಡೆದ ಹಾಗೆಯೇ ಹೇಳಿದರು, ಅದೂ ಸ್ವಲ್ಪ ಹೆಮ್ಮೆಯಿಂದ.

"ಅಳಿಯಾರು ಇಲ್ಲೇ ಇರ್ತಾರೇನ್ರಿ ಅವ್ವಾರ, ಅಂದಾ. ಛೇ ಛೇ, ಅತ್ತಿ ಮನ್ಯಾಗ ಯಾಕ ಇರ್ತಾರಪಾ, ಬರ್ತಾರ, ನಾಕ ದಿವಸ ಇದ್ದು ಹೋಗ್ತಾರ ಅಂದೆ. ಮತ್ತ ಅವರ ಮನಿ ಎಲ್ಲೈತ್ರಿ ಅಂದಾ. ನೈರೋಬಿಯೊಳಗ ದೊಡ್ಡ ಮನಿ ಅದ ಅಂದೆ. ಈ ಮನ್ಯಾಗ ಮಲಗತಾರೇನ್ರಿ ಅಂದಾ. ನನ್ನ ಸೂರಿನ ಕೆಳಗ ಒಂದು ದಿವಸಾನೂ ಮಲಗಿಲ್ಲ, ಅಂಥಾ ಮರ್ಯಾದಸ್ತರು ಅಂದೆ. ಚಹಾ ಅವಲಕ್ಕಿ ಕೊಟ್ಟು ಕಳಿಸಿದೆ. ಏನ ತಪ್ಪಾತು?"

ಹವಾಲ್ದಾರನದು ತಪ್ಪೇ ಇಲ್ಲ, ಹೇಳಿದ್ದನ್ನು ಬರೆದುಕೊಂಡು ಹೋಗಿದ್ದ. ಅಳಿಯನ ಮಾನ ಕಾಯಲು ಹೋಗಿ ಅಳಿಯನನ್ನೇ ಊರು ಬಿಡಿಸುವ ಕೆಲಸ ಮಾಡಿದ್ದರು ಈ ತಾಯಿ! ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಡೇವಿಡ್ ನನಗೆ ಸುಮ್ಮನಿರುವಂತೆ ಕೈ ಮಾಡಿದ. ಕಾಕುವಿಗೆ ವಿಷಯ ಪೂರ್ತಿ ತಿಳಿಯುವ ಹೊತ್ತಿಗೆ ಅವರ ಮುಖ ಬಿಳಿಚಿತ್ತು. "ಅಂದ್ರ ಈಗ ನಾ ಹೋಗಿ ಅವರನ್ನ ಮನಿಅಳಿಯಾ ಅಂತ ಹೇಳಬೇಕು? ಸರಕಾರದ ಮುಂದ? ಬರದಿಡತಾರದನ್ನ?" ಹೌದೆಂದೆ. ಅವರು ಎದ್ದು ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ವಿಜಾಪುರದ ಕಚೇರಿಗೆ ಬಾಡಿಗೆ ಕಾರಿನಲ್ಲಿ ಹೋದೆವು. ಅಧಿಕಾರಿ ಮೈಸೂರು ಕಡೆಯ ಹೆಣ್ಣುಮಗಳು, ಮೆತ್ತಗಿನ ಮಾತು. ನಾನು ತೆರಿಗೆಯ ಲೆಕ್ಕ ಹೇಳಿದೆ, ವಸುಧಾ ಮದುವೆಯ ಕಾಗದ ತೋರಿಸಿದಳು. ಆಕೆ ಎಲ್ಲ ನೋಡಿ, "ಇದೆಲ್ಲಾ ಸರಿ. ಆದರೆ ನಮ್ಮ ವರದಿಯಲ್ಲಿ ಅಳಿಯ ಇಲ್ಲಿ ವಾಸ ಇಲ್ಲ ಅಂತ ಅಮ್ಮನವರೇ ಹೇಳಿದ್ದಾರೆ. ಅವರೇ ಹೇಳಬೇಕು. ಅಮ್ಮ, ಇವರು ನಿಮ್ಮ ಮನೆಯಲ್ಲೇ ವಾಸ ಮಾಡ್ತಾರಾ?" ಎಂದರು.

ಕಾಕು ವಾಕರನ್ನು ಗಟ್ಟಿಯಾಗಿ ಹಿಡಿದರು. "ಅಳಿಯಂದ್ರನ್ನ ಹೊರಗ ಕಳಸ್ರಿ. ಅವರ ಮುಂದ ಆ ಮಾತು ಆಡೂದಿಲ್ಲ ನಾ."

"ಅವರ ಮುಂದೆಯೇ ಹೇಳಬೇಕಮ್ಮ, ನಿಯಮ ಹಾಗಿದೆ."

ನಾನು ಮನಸ್ಸಿನಲ್ಲಿಯೇ ಯಾ ಅಲ್ಲಾ ಎಂದು ಬೇಡಿಕೊಳ್ಳುತ್ತಿದ್ದೆ. ಕಾಕು ಗೋಡೆಯ ಕಡೆ ತಿರುಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅಳಿಯನ ಮುಖವನ್ನು ನೇರವಾಗಿ ನೋಡಿದರು, ಆಮೇಲೆ ಅಧಿಕಾರಿಯ ಮುಖ ನೋಡಿದರು.

"ಅವರು ನಮ್ಮ ಮನಿಅಳಿಯಾ. ನಮ್ಮ ಮನ್ಯಾಗ ಉಣತಾರ, ನಮ್ಮ ಮಾಳಿಗಿ ಮ್ಯಾಲೆ ಮಲಗತಾರ. ಹಂಡ್ಯಾಗ ನೀರು ತುಂಬತಾರ. ಅವರಿಗೆ ಹೋಗಲಿಕ್ಕೆ ಮನಿ ಇಲ್ಲ ಅಂತಲ್ಲ, ಅದ. ನಾ ಬಿದ್ದೆ ಅಂತ ಎತ್ತಲಿಕ್ಕೆ ಬಂದವರು, ನನ್ನ ಸಂಬಂಧ ಉಳದಾರ. ಹವಾಲ್ದಾರಗ ನಾ ಸುಳ್ಳು ಹೇಳೀನಿ. ತಪ್ಪು ನಂದು. ಬರಕೋರಿ."

ಇಷ್ಟು ಹೇಳಿ ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಅಧಿಕಾರಿ ಬರೆದುಕೊಂಡರು. ವಸುಧಾ ತಾಯಿಯ ಬೆನ್ನು ಸವರುತ್ತಿದ್ದಳು. ಡೇವಿಡ್ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಎಷ್ಟು ತಿಳಿಯಿತೋ ಎಷ್ಟು ಬಿಟ್ಟಿತೋ ನನಗೆ ಆಗ ಗೊತ್ತಾಗಲಿಲ್ಲ. ತಿಂಗಳೆರಡು ತಿಂಗಳಲ್ಲಿ ಹವಾಲ್ದಾರ ಮತ್ತೆ ಬಂದ, ಮಾಳಿಗೆ ಹತ್ತಿ ಕೋಲಿ ನೋಡಿದ, "ಮೊದಲ ಹೇಳಬಾರದೇನ್ರಿ ಅವ್ವಾರ, ನನಗೂ ಎರಡೆರಡ ಸಲ ಓಡಾಟ" ಎಂದು ಗೊಣಗುತ್ತ ಅವಲಕ್ಕಿ ತಿಂದ. ಮಳೆಗಾಲ ಮುಗಿಯುವಷ್ಟರಲ್ಲಿ ಕಾರ್ಡು ಬಂತು.

ಓಣಿಗೆಲ್ಲ ಪೇಢೆ ಹಂಚಿದವಳು ನಾನು. ಕಾಕು ಒಂದನ್ನು ಬಾಯಿಗೆ ಹಾಕಿಕೊಂಡರು, ಅಷ್ಟೇ. ಆ ದಿನದಿಂದ ಅವರು ಅಳಿಯನಿಗೆ ಇನ್ನಷ್ಟು ಮರ್ಯಾದೆ ಮಾಡತೊಡಗಿದ್ದರು. ಊಟದ ತಟ್ಟೆಯ ಸುತ್ತ ರಂಗೋಲಿ, ಸೋಮವಾರವೂ ಸಿಹಿ. ಸಾಲ ತೀರಿಸುವವರ ಹಾಗೆ ಕಾಣುತ್ತಿದ್ದರು. ನಾನು ರೇಗಿಸಿದರೂ ನಗುತ್ತಿರಲಿಲ್ಲ.

ಮುಂದಿನ ಚಳಿಗಾಲಕ್ಕೆ ಎದೆನೋವು ಹಿಡಿಯಿತು. ಡಾಕ್ಟರು ದೊಡ್ಡ ಆಸ್ಪತ್ರೆಗೆ ಎಂದರು, ಕಾಕು ಒಲ್ಲೆ ಎಂದರು. ನಾನು ನೋಡಲು ಹೋದ ಕೊನೆಯ ಮಧ್ಯಾಹ್ನ ಹಾಸಿಗೆಯನ್ನು ಅಡುಗೆಮನೆಯೊಳಗೇ ಒಂದು ಪಕ್ಕಕ್ಕೆ ಹಾಕಿದ್ದರು. ನಾನು ಹೊಸ್ತಿಲಲ್ಲಿ ನಿಂತೆ. "ಬಾ ಒಳಗ, ಮಡಿ ಎಲ್ಲಾ ಮುಗೀತು ಇನ್ನ" ಎಂದರು. ಹುಟ್ಟಿದಾಗಿನಿಂದ ಸಿಟ್ಟು ಮಾಡಿಕೊಂಡಿದ್ದ ಹೊಸ್ತಿಲು ದಾಟುವಾಗ ನನಗೆ ಬೇಡವೆನಿಸಿತು. ಹತ್ತಿರ ಕೂತೆ. ಕೈ ಹಿಡಿದುಕೊಂಡರು, ಕೈ ತಣ್ಣಗಿತ್ತು.

"ಶಮೀಮ, ಒಂದು ಕೆಲಸ ಮಾಡು. ನಾ ಕೇಳಲಿಕ್ಕೆ ಆಗೂದಿಲ್ಲ, ವಸುಧಾನ ಮುಂದ ಹೇಳಿದ್ರ ಅಳತಾಳ. ಅವತ್ತ ಆ ಕಚೇರಿಯೊಳಗ ಅವರಿಗೆ ನಾ ಅಂದ ಮಾತು... ಅದನ್ನ ಮನಸ್ಸಿನ್ಯಾಗ ಇಟಗೊಂಡಾರೇನು, ಕೇಳು. ಇಟಗೊಂಡಿದ್ರ, ಮುದುಕಿ ತಪ್ಪಾತು ಅಂದ್ಲು ಅಂತ ಹೇಳು."

"ಹುಚ್ಚಿ ಇದ್ದೀರಿ ನೀವು. ಆ ಮಾತಿನಿಂದಲೇ ಅಂವಾ ಇಲ್ಲಿ ಅದಾನ" ಎಂದೆ.

"ಅದು ನಿನ್ನ ಲೆಕ್ಕ. ನೀ ಕೇಳು."

ನಾಳೆ ಕೇಳುತ್ತೇನೆಂದು ಎದ್ದು ಬಂದೆ. ಬೆಳಗಾಗುವಷ್ಟರಲ್ಲಿ ವಸುಧಾಳ ಅಳು ಗೋಡೆಯಾಚೆಯಿಂದ ಕೇಳಿತು.

ಹದಿಮೂರನೆಯ ದಿನ ಬಂಧುಗಳೆಲ್ಲ ಸೇರಿದರು. ಊಟವಾಗಿ ಗಂಡಸರು ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ನಾನು ಬಾಗಿಲಲ್ಲಿ ಅಮೃತಾಳನ್ನು ಎತ್ತಿಕೊಂಡು ನಿಂತಿದ್ದೆ. ಮನೆಯ ಮಾತು ಬಂತು. ಮಾರಿದರೆ ಒಳ್ಳೆಯ ಗಿರಾಕಿ ಇದ್ದಾನೆಂದು ಒಬ್ಬರು. ಆಗ ಮುದ್ದೇಬಿಹಾಳದ ರಾಘು ಡೇವಿಡ್‌ನ ಕಡೆ ತಿರುಗಿ, ಕೇಡು ಮನಸ್ಸಿನಿಂದೇನೂ ಅಲ್ಲ, ಲೋಕದ ರೂಢಿಯಂತೆ ಕೇಳಿದ: "ಕಾಕೂನ ಸಂಬಂಧ ಇಷ್ಟ ದಿನಾ ಇದ್ರಿ. ಇನ್ನ ನಿಮ್ಮ ಮನಿಗೆ ಯಾವಾಗ ಹೊಂಟ್ರಿ?"

ಡೇವಿಡ್ ಎಲ್ಲರಿಗೂ ನೀರು ಕೊಡುತ್ತಿದ್ದ. ತಂಬಿಗೆಯನ್ನು ಕೆಳಗಿಟ್ಟು ನೆಟ್ಟಗೆ ನಿಂತ. ಕಾಕುವಿನಿಂದಲೇ ಕಲಿತ ಕನ್ನಡ ಅವನದು, ಕಾಕುವಿನ ದನಿಯೇ ಬಂತು.

"ಎಲ್ಲಿಗೆ ಹೋಗ್ಲಿರಿ? ನಾ ಈ ಮನ್ಯಾಗಿನ ಮನಿಅಳಿಯಾ ಇದ್ದೀನ್ರಿ. ನಮ್ಮ ಅತ್ತಿಯವರು ಸರಕಾರದ ಮುಂದ ಹೇಳ್ಯಾರ."

ಅಷ್ಟು ಗಂಡಸರ ನಡುವೆ, ತಲೆಯೆತ್ತಿ, ಯಾವುದೋ ಪದವಿ ಸಿಕ್ಕವನ ಹಾಗೆ ಹೇಳಿದ. ಯಾರೂ ನಗಲಿಲ್ಲ. ರಾಘು "ಹೌದ್ರಿ, ಹೌದ್ರಿ" ಎಂದು ತಾಂಬೂಲದ ತಟ್ಟೆಯನ್ನು ಅವನ ಮುಂದೆ ಸರಿಸಿದ. ನಾನು ಮಗುವನ್ನು ಎತ್ತಿಕೊಂಡೇ ಲಗುಬಗೆಯಿಂದ ಅಡುಗೆಮನೆಗೆ ಹೋದೆ. ಆ ಮಾತನ್ನು ಯಾರಿಗೆ ಹೇಳಬೇಕಿತ್ತೋ ಅವರು ಅಲ್ಲಿ ಇರಲಿಲ್ಲ.